ಕಿರಣ ಚಿಕಿತ್ಸೆಯೂ ಅದರ ಅಳತೆಗಾರರೂ

ಸೊರಬ ತಾಲ್ಲೂಕಿನ ಒಂದು ಹೆಸರು ಪ್ರಪಂಚದ ವೈದ್ಯಗ್ರಂಥಗಳನ್ನು ಸೇರಿದುದು ೧೯೫೭ನೆಯ ಇಸವಿಯ ತರುವಾಯ. ಆ ವರ್ಷ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಕಾಡಿಗೆ ಹೋದ ಜನರಿಗೂ ಜ್ವರ ತಗುಲಿ, ಕಡೆಗೆ ಆ ಜ್ವರಕ್ಕೆ ಕಾಡಿನ ಹೆಸರೇ ನಿಂತಿತು. ಮಂಗನ ಕಾಯಿಲೆಯೆಂದರೆ ಇಂದಿಗೂ ಈ ಸೀಮೆಯಲ್ಲಿ ಎಲ್ಲರಿಗೂ ಎಚ್ಚರಿಕೆಯುಂಟು. ಆದರೆ ಇದೇ ಸೀಮೆಯ ಊರುಗಳಿಂದ ಸದ್ದುಗದ್ದಲವಿಲ್ಲದೆ ದೂರದ ಆಸ್ಪತ್ರೆಗಳಿಗೆ ಪ್ರಯಾಣಮಾಡುವ ಮತ್ತೊಂದು ರೋಗದ ವಿಷಯದಲ್ಲಿ ಅಷ್ಟು ವಿಚಾರಣೆ ನಡೆಯುವುದಿಲ್ಲ. ಬಾಯಿ, ಗಂಟಲು, ಸ್ತನ, ಗರ್ಭಕೋಶದ ಕೊರಳು ಇವುಗಳಿಗೆ ಬರುವ ಅರ್ಬುದ ರೋಗವೇ, ಅಂದರೆ ಎಲ್ಲರೂ ಕ್ಯಾನ್ಸರ್ ಎಂದು ಕರೆಯುವ ರೋಗವೇ ಅದು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅರ್ಬುದ ಸಂಶೋಧನಾ ಮಂಡಲಿಯವರು ೨೦೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಗೆಸೊಪ್ಪು ಬೆರೆಯದ ಬರಿಯ ಅಡಕೆಯನ್ನೂ ಅರ್ಬುದಕಾರಕ ದ್ರವ್ಯಗಳ ಸಾಲಿಗೆ ಸೇರಿಸಿದ್ದಾರೆ. ಅಡಕೆಯ ತೋಟಗಳಿಂದ ಜೀವಿಸುವ ಜನರ ನಡುವೆ ಕುಳಿತು ಈ ಮಾತನ್ನು ಬರೆಯುವುದು ನಮಗೆ ಸಂತೋಷದ ಕೆಲಸವಲ್ಲ. ಆದರೂ ಅದನ್ನು ಮುಚ್ಚಿಟ್ಟು ಮುಂದಿನ ವಿಷಯಕ್ಕೆ ಹೋಗುವುದು ನ್ಯಾಯವಲ್ಲವಾದುದರಿಂದ ಹೇಳಿದ್ದೇವೆ. ಅಡಕೆಯ ಚರ್ಚೆ ಇಂದಿನ ನಮ್ಮ ಉದ್ದೇಶವಲ್ಲ. ರೋಗ ಬಂದ ಮೇಲೆ ನಡೆಯುವ ಚಿಕಿತ್ಸೆಯ ಒಂದು ಅಂಗವನ್ನು ಓದುಗರ ಗಮನಕ್ಕೆ ತರಬೇಕೆಂಬುದೇ ಉದ್ದೇಶ.

ಇಲ್ಲಿಂದ ರೋಗಿಗಳು ಮಣಿಪಾಲಕ್ಕೋ ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋಗಿ ಬಂದು, “ಕರೆಂಟು ಕೊಟ್ಟರು” ಎಂದು ಹೇಳುವುದುಂಟು. ಈ ಮಾತು ಎಷ್ಟು ರೂಢಿಯಾಗಿದೆಯೆಂದರೆ, ವಿದ್ಯುತ್ತಿನ ತಂತಿಯನ್ನೇ ಮೈಗೆ ಸೋಕಿಸುವರೆಂದು ಹೆದರಿ ಚಿಕಿತ್ಸೆಯನ್ನೇ ಬಿಟ್ಟುಬಂದವರೂ ಇದ್ದಾರೆ. ವಾಸ್ತವದಲ್ಲಿ ಅದು ಕರೆಂಟಲ್ಲ, ಕಿರಣ. ೧೮೯೫ರಲ್ಲಿ ಜರ್ಮನಿಯ ರಂಟ್‌ಜನ್ ಪಂಡಿತನು ಕಂಡುಹಿಡಿದ ಎಕ್ಸ್-ಕಿರಣಗಳ ಬಹು ಪ್ರಬಲವಾದ ರೂಪವನ್ನು ಯಂತ್ರದಿಂದ ಉತ್ಪತ್ತಿಮಾಡಿ, ಇಲ್ಲವೆ ಕೋಬಾಲ್ಟ್ ಎಂಬ ಲೋಹದ ವಿಕಿರಣಶೀಲ ರೂಪದಿಂದ ಹೊರಡುವ ಗ್ಯಾಮಾ ಕಿರಣಗಳನ್ನು ಉಪಯೋಗಿಸಿ, ರೋಗವಿರುವ ಗಂಟನ್ನು ನಾಶಪಡಿಸುವುದೇ ಈ ಚಿಕಿತ್ಸೆಯ ತತ್ತ್ವ.

ಈ ಮದ್ದಿಗೆ ಬಣ್ಣವಿಲ್ಲ, ರುಚಿಯಿಲ್ಲ, ನೋವೂ ಇಲ್ಲ. ಅದರ ಅಳತೆಗೆ ಗ್ರೇ ಎಂಬ ಮಾನವನ್ನು ಇಟ್ಟಿದ್ದಾರೆ; ಇಂಗ್ಲೆಂಡಿನ ಲೂಯಿ ಹೆರಾಲ್ಡ್ ಗ್ರೇ ಎಂಬ ಭೌತವಿಜ್ಞಾನಿಯ ಹೆಸರು ಅದಕ್ಕೆ ಬಂದಿದೆ. ಶರೀರದ ಒಂದು ಕಿಲೋಗ್ರಾಮು ಭಾಗವು ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. ಬಾಯಿಯ ಅರ್ಬುದಕ್ಕೆ ವೈದ್ಯರು ಸಾಮಾನ್ಯವಾಗಿ ದಿನಕ್ಕೆ ೨ ಗ್ರೇಯಂತೆ, ವಾರಕ್ಕೆ ಐದು ದಿನ, ಒಟ್ಟು ೬೬ರಿಂದ ೭೦ ಗ್ರೇಗಳವರೆಗೆ ವಿಧಿಸುವರು. ಈ ೭೦ ಗ್ರೇಯಷ್ಟು ಶಕ್ತಿಯನ್ನೂ ಒಟ್ಟಿಗೆ ನೀರಿಗೆ ಕೊಟ್ಟರೆ, ಆ ನೀರು ಒಂದು ಡಿಗ್ರಿಯ ಅರವತ್ತರಲ್ಲೊಂದು ಪಾಲಿನಷ್ಟು ಮಾತ್ರ ಬಿಸಿಯಾಗುವುದು. ಇಷ್ಟು ಸೂಕ್ಷ್ಮವಾದ ವಸ್ತುವು ರೋಗದ ಗಂಟನ್ನು ಕರಗಿಸಬಲ್ಲುದು. ಬೆನ್ನುಹುರಿಯ ಮೇಲೆ ೫೦ ಗ್ರೇ ಮಿತಿಯನ್ನು ಮೀರಿ ಬಿದ್ದರೆ ಮನುಷ್ಯನನ್ನು ಹಾಸಿಗೆಗೆ ಕೆಡವಲೂ ಬಲ್ಲುದು. ಹೆಚ್ಚಾಯಿತೋ ಕಡಮೆಯಾಯಿತೋ ಎಂಬುದು ಆ ದಿನ ರೋಗಿಗೂ ತಿಳಿಯದು, ವೈದ್ಯನಿಗೂ ತಿಳಿಯದು. ವಾರಗಳೋ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಫಲ ಕಾಣುವುದು. ವಿಧಿಸಿದ ಪ್ರಮಾಣಕ್ಕೂ ಕೊಟ್ಟ ಪ್ರಮಾಣಕ್ಕೂ ಶೇಕಡ ೫ಕ್ಕಿಂತ ಹೆಚ್ಚು ಅಂತರವಿರಕೂಡದೆಂದು ಅಂತರರಾಷ್ಟ್ರೀಯ ತಜ್ಞಮಂಡಲಿಯು ೧೯೭೬ರಲ್ಲಿಯೇ ಹೇಳಿತು.

ಹಾಗಾದರೆ ಈ ಕಾಣದ ಮದ್ದನ್ನು ಅಳೆಯುವವರು ಯಾರು? ಕಿರಣವೈದ್ಯರು ಎಷ್ಟು ಕೊಡಬೇಕೆಂದು ಬರೆಯುವರು. ತಂತ್ರಜ್ಞರು ರೋಗಿಯನ್ನು ಮೇಜಿನ ಮೇಲೆ ಮಲಗಿಸಿ ಯಂತ್ರವನ್ನು ನಡೆಸುವರು. ಇವರಿಬ್ಬರ ನಡುವೆ, ರೋಗಿಗೆ ಬಹುಮಟ್ಟಿಗೆ ಮುಖವನ್ನೇ ತೋರದೆ, ಮೂರನೆಯವರೊಬ್ಬರು ಇರುವರು. ಅವರೇ ವೈದ್ಯಕೀಯ ಭೌತವಿಜ್ಞಾನಿಗಳು. ಅವರು ಡಾಕ್ಟರಲ್ಲ, ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಅದರ ಮೇಲೆ ಈ ವಿದ್ಯೆಯನ್ನು ಪ್ರತ್ಯೇಕವಾಗಿ ಕಲಿತು, ಆಸ್ಪತ್ರೆಯಲ್ಲಿ ಒಂದು ವರ್ಷ ಕೈಕೆಲಸದ ತರಬೇತಿ ಹೊಂದಿದವರು. ಚಿಕಿತ್ಸೆ ಪಡೆದು ಗುಣವಾಗಿ ಬಂದ ಹತ್ತು ಜನರನ್ನು ಕೇಳಿದರೆ ಡಾಕ್ಟರ ಹೆಸರನ್ನು ಹತ್ತು ಜನರೂ ಹೇಳುವರು. ಭೌತವಿಜ್ಞಾನಿಯ ಹೆಸರನ್ನು ಒಬ್ಬನೂ ಹೇಳಲಾರನು.

ಅವರ ದಿನಚರಿಯು ರೋಗಿಗಳು ಬರುವುದಕ್ಕೆ ಮುಂಚೆಯೇ ಆರಂಭವಾಗುವುದು. ನಿನ್ನೆ ನೂರು ಕೊಟ್ಟ ಯಂತ್ರ ಇಂದೂ ನೂರೇ ಕೊಡುತ್ತಿದೆಯೇ ಎಂಬುದನ್ನು ಬೆಳಗಿನ ಹೊತ್ತು ಪರೀಕ್ಷಿಸತಕ್ಕದ್ದು. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘವು ೧೯೯೪ರಲ್ಲಿಯೂ ೨೦೦೯ರಲ್ಲಿಯೂ ಹೊರಡಿಸಿದ ಸೂಚನೆಗಳಂತೆ, ದಿನದ ಪರೀಕ್ಷೆಯಲ್ಲಿ ಶೇಕಡ ೩ಕ್ಕೂ ತಿಂಗಳ ಪರೀಕ್ಷೆಯಲ್ಲಿ ಶೇಕಡ ೨ಕ್ಕೂ ಹೆಚ್ಚು ವ್ಯತ್ಯಾಸ ಕಂಡರೆ ಕಾರಣವನ್ನು ಹುಡುಕಬೇಕು. ರೋಗಿಯ ಮೈಮೇಲೆ ಬೀಳುವ ಲೇಸರ್ ಗೆರೆಗಳು ಒಂದೆರಡು ಮಿಲಿಮೀಟರು ಜರುಗಿದ್ದರೂ ನೋಡಿ ಸರಿಪಡಿಸಬೇಕು. ಸೊರಬದ ಗುಡಿಗಾರರು ಚಿತ್ರವನ್ನು ಬರೆದುಕೊಳ್ಳದೆ ಶ್ರೀಗಂಧದ ಕೊರಡಿಗೆ ಉಳಿಯಿಡುವುದಿಲ್ಲವಷ್ಟೆ. ಇಲ್ಲಿ ಉಳಿ ಕಣ್ಣಿಗೆ ಕಾಣಿಸದೆಂಬುದೊಂದೇ ಭೇದ.

ಅಳತೆಯ ಮುಖ್ಯ ಸಾಧನವೆಂದರೆ ಬೆರಳಿನ ತುದಿಯಷ್ಟು ಗಾಳಿ ಹಿಡಿಯುವ ಸಣ್ಣದೊಂದು ಕೋಶ. ಅದನ್ನು ನೀರಿನ ತೊಟ್ಟಿಯಲ್ಲಿ ಗೊತ್ತಾದ ಆಳಕ್ಕೆ ಇಳಿಸಿ, ಕಿರಣ ಬಿದ್ದಾಗ ಗಾಳಿಯಲ್ಲಿ ಹುಟ್ಟುವ ವಿದ್ಯುತ್ತಿನ ಅಂಶವನ್ನು ಎಣಿಸುವರು. ಇಲ್ಲಿ ನಮ್ಮ ದೇಶದ ಭೂಗೋಲವೇ ಲೆಕ್ಕದೊಳಕ್ಕೆ ಬರುವುದೆಂಬುದು ಸ್ವಾರಸ್ಯವಾದ ಸಂಗತಿ. ಮಣಿಪಾಲ ಸಮುದ್ರತೀರದ ಬಳಿ ಇದೆ. ಅಲ್ಲಿ ಗಾಳಿಯ ಒತ್ತಡ ಪಾದರಸದ ಕಂಬದಲ್ಲಿ ೭೬೦ ಮಿಲಿಮೀಟರಿಗೆ ಹತ್ತಿರ. ಬೆಂಗಳೂರು ಮೂರು ಸಾವಿರ ಅಡಿ ಎತ್ತರದಲ್ಲಿದೆ. ಅಲ್ಲಿ ಅದು ೬೮೫ರ ಸುಮಾರು. ಗಾಳಿ ತೆಳುವಾದಷ್ಟೂ ಕೋಶ ಕಡಮೆ ತೋರಿಸುವುದು. ಬೆಂಗಳೂರಿನ ಅಳತೆಗಾರನು ಒತ್ತಡವನ್ನು ನೋಡಿ ತಿದ್ದದೆ ಹೋದರೆ, ಯಂತ್ರದ ಬಲ ಇರುವುದಕ್ಕಿಂತ ಶೇಕಡ ಹತ್ತರಷ್ಟು ಕಡಮೆಯೆಂದು ಭ್ರಮಿಸಿ ರೋಗಿಗೆ ಅಷ್ಟು ಹೆಚ್ಚಾಗಿ ಕೊಟ್ಟಾನು. ಹವಾಮಾನ ಕಚೇರಿಯಿಂದ ಅಂಕಿಯನ್ನು ತರಿಸಿಕೊಂಡರಾಯಿತೆಂದು ತಿಳಿಯುವುದೂ ಅಪಾಯವೇ. ಅವರು ಪ್ರಕಟಿಸುವುದು ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಒತ್ತಡವನ್ನು. ಆದುದರಿಂದ ಒತ್ತಡಮಾಪಕವು ಚಿಕಿತ್ಸೆಯ ಕೋಣೆಯಲ್ಲಿಯೇ ಇರಬೇಕು. ಅದು ಸರಿಯಾಗಿದೆಯೇ ಎಂದು ನೋಡುವವರೂ ಒಬ್ಬರು ಇರಬೇಕು.

ಕೋಬಾಲ್ಟ್ ಯಂತ್ರವಾದರೆ ಇನ್ನೊಂದು ಲೆಕ್ಕ. ಆ ಲೋಹದ ಬಲ ತಾನಾಗಿ ಕುಂದುತ್ತ ಐದೂಕಾಲು ವರ್ಷಗಳಲ್ಲಿ ಅರ್ಧಕ್ಕೆ ಇಳಿಯುವುದು. ಅಂದರೆ ತಿಂಗಳಿಗೆ ಸುಮಾರು ಶೇಕಡ ಒಂದು. ಪ್ರತಿ ತಿಂಗಳೂ ಕಿರಣ ಬೀಳುವ ಕಾಲವನ್ನು ಅಷ್ಟಷ್ಟು ಹೆಚ್ಚಿಸುತ್ತ ಹೋಗಬೇಕು. ಹೊಸ ಕೋಬಾಲ್ಟನ್ನು ತುಂಬಿದ ದಿನ ಎಲ್ಲವನ್ನೂ ಮೊದಲಿನಿಂದ ಅಳೆಯಬೇಕು.

ಆ ದಿನದ ಅಳತೆಯಲ್ಲಿ ತಪ್ಪಾದರೆ ಏನಾಗುವುದೆಂಬುದಕ್ಕೆ ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಉದಾಹರಣೆಯಿದೆ. ೧೯೯೬ನೆಯ ಆಗಸ್ಟ್ ತಿಂಗಳಿನಲ್ಲಿ ಅಲ್ಲಿನ ರಾಜಧಾನಿಯ ಆಸ್ಪತ್ರೆಯೊಂದರಲ್ಲಿ ಹೊಸ ಕೋಬಾಲ್ಟನ್ನು ತುಂಬಿ ಅಳೆದರು. ಗಡಿಯಾರ ೦.೩ ನಿಮಿಷ ತೋರಿಸಿತು. ೦.೩ ನಿಮಿಷವೆಂದರೆ ೧೮ ಸೆಕೆಂಡು. ಲೆಕ್ಕದಲ್ಲಿ ಅದು ೩೦ ಸೆಕೆಂಡೆಂದು ಸೇರಿಹೋಯಿತು. ಇಷ್ಟೇ ತಪ್ಪು. ನಮ್ಮ ಪ್ರೌಢಶಾಲೆಯ ಹುಡುಗರು ದಶಮಾಂಶದ ಲೆಕ್ಕದಲ್ಲಿ ದಿನವೂ ಮಾಡುವಂಥದು. ಅದರ ಫಲವಾಗಿ ಯಂತ್ರದ ಬಲ ನಿಜವಾದುದರ ಶೇಕಡ ೬೦ರಷ್ಟೇ ಎಂದು ಎಣಿಕೆಯಾಗಿ, ರೋಗಿಗಳಿಗೆ ಒಂದೂವರೆ ಪಾಲಿಗೂ ಮೀರಿ ಕಿರಣ ಬಿತ್ತು. ಸೆಪ್ಟೆಂಬರ್ ಕೊನೆಯಲ್ಲಿ ತಪ್ಪು ಹೊರಬೀಳುವಷ್ಟರಲ್ಲಿ ೧೧೫ ಮಂದಿ ಚಿಕಿತ್ಸೆ ಪಡೆದಿದ್ದರು. ಅವರಲ್ಲಿ ಕೆಲವರ ಮರಣಕ್ಕೆ ಈ ಅತಿಕಿರಣವೇ ಕಾರಣವೆಂದು ಪರೀಕ್ಷಿಸಿದ ತಜ್ಞರು ನಿರ್ಣಯಿಸಿದರು. ಮತ್ತೊಬ್ಬರು ಕುಳಿತು ಬೇರೆ ದಾರಿಯಿಂದ ಅದೇ ಲೆಕ್ಕವನ್ನು ಮಾಡಿದ್ದರೆ, ಹಳೆಯ ಕೋಬಾಲ್ಟಿನ ಅಂಕಿಯ ಪಕ್ಕದಲ್ಲಿ ಹೊಸದನ್ನು ಇಟ್ಟು ನೋಡಿದ್ದರೆ, ಆ ದಿನವೇ ಸಿಕ್ಕುತ್ತಿತ್ತು.

ಬಡದೇಶಗಳಲ್ಲಿ ಹೀಗಾಗುವುದು ಸಹಜವೆಂದು ಯಾರಾದರೂ ಹೇಳುವುದಾದರೆ, ಇಂಗ್ಲೆಂಡಿನ ಕಥೆಯನ್ನು ಕೇಳಲಿ. ಸ್ಟೋಕ್ ನಗರದ ಆಸ್ಪತ್ರೆಯಲ್ಲಿ ಮೊದಲು ಕೈಲೆಕ್ಕದಿಂದ ಕೆಲಸ ನಡೆಯುತ್ತಿತ್ತು. ರೋಗಿಗೂ ಯಂತ್ರಕ್ಕೂ ಇರುವ ದೂರವನ್ನು ನೋಡಿ ಒಂದು ತಿದ್ದುಪಡಿ ಸೇರಿಸುವುದು ಅಲ್ಲಿನ ವಾಡಿಕೆ. ೧೯೮೨ರಲ್ಲಿ ಗಣಕಯಂತ್ರ ಬಂದಿತು. ಆ ತಿದ್ದುಪಡಿಯನ್ನು ಅದು ತಾನೇ ಮಾಡುತ್ತಿತ್ತು. ಹಳೆಯ ವಾಡಿಕೆಯವರು ಅದನ್ನರಿಯದೆ ಕೈಯಿಂದಲೂ ಮತ್ತೊಮ್ಮೆ ತಿದ್ದುತ್ತ ಹೋದರು. ೧೯೯೧ರವರೆಗೆ, ಒಂಬತ್ತು ವರ್ಷಗಳ ಕಾಲ, ಸಾವಿರಕ್ಕೂ ಮೀರಿದ ರೋಗಿಗಳಿಗೆ ವೈದ್ಯರು ವಿಧಿಸಿದುದಕ್ಕಿಂತ ಕಡಮೆ ಕಿರಣ ಸಂದಿತು. ಅತಿಯಾದರೆ ಚರ್ಮ ಸುಟ್ಟು ಗೊತ್ತಾಗುವುದು. ಕಡಮೆಯಾದರೆ ರೋಗ ಮರಳಿ ಬರುವುದು, ಅದನ್ನು ಎಲ್ಲರೂ ವಿಧಿಯೆಂದು ಸುಮ್ಮನಾಗುವರು. ನಮ್ಮ ಅಭಿಪ್ರಾಯದಲ್ಲಿ ಕೋಸ್ಟರಿಕಾದ ತಪ್ಪಿಗಿಂತ ಇದು ಹೆಚ್ಚು ಭಯಂಕರ. ಅಲ್ಲಿ ಒಂದು ದಿನದ ಅಜಾಗರೂಕತೆ. ಇಲ್ಲಿ ಒಂಬತ್ತು ವರ್ಷಗಳ ಶ್ರದ್ಧೆಯೇ ತಪ್ಪುದಾರಿಯಲ್ಲಿ ನಡೆಯಿತು.

ನಮ್ಮ ದೇಶದಲ್ಲಿ ಈ ವಿದ್ಯೆಯ ಆರಂಭ ಗೌರವಯುತವಾಗಿಯೇ ಇದೆ. ಬೊಂಬಾಯಿಯ ಟಾಟಾ ಸ್ಮಾರಕ ಆಸ್ಪತ್ರೆ ೧೯೪೧ರಲ್ಲಿ ಬಾಗಿಲು ತೆರೆದಾಗ ಅದರ ಭೌತವಿಜ್ಞಾನಿಯಾಗಿ ಇದ್ದವರು ಪ್ಯಾರಿಸ್ಸಿನಲ್ಲಿ ಮೇರಿ ಕ್ಯೂರಿಯವರ ಬಳಿ ಕೆಲಸಮಾಡಿ ಬಂದ ಡಾಕ್ಟರ್ ರಾಮಯ್ಯ ನಾಯ್ಡುರವರು. ೧೯೬೨ರಿಂದ ಟ್ರಾಂಬೆಯ ಅಣುಶಕ್ತಿ ಕೇಂದ್ರದಲ್ಲಿ, ಈಗಿನ ಭಾಭಾ ಕೇಂದ್ರದಲ್ಲಿ, ಈ ವಿದ್ಯೆಗೆ ಡಿಪ್ಲೊಮಾ ತರಗತಿ ನಡೆದು ಬಂದಿದೆ. ೧೯೭೬ರಲ್ಲಿ ಇವರದೇ ಸಂಘವೊಂದು ಸ್ಥಾಪಿತವಾಯಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ೧೯೭೩ರಲ್ಲಿ ಆರಂಭವಾಗಿ, ೧೯೮೦ರಲ್ಲಿ ರಾಜ್ಯ ಸರ್ಕಾರದ ಸ್ವಾಯತ್ತ ಸಂಸ್ಥೆಯಾಯಿತು. ಅಲ್ಲಿಯೂ ಮಣಿಪಾಲದಲ್ಲಿಯೂ ಈ ವಿಷಯದಲ್ಲಿ ಎಂ.ಎಸ್ಸಿ. ಪಾಠವುಂಟು. ಯಂತ್ರವನ್ನೂ ನಾವು ಮಾಡಬಲ್ಲೆವೆಂಬುದು ೨೦೦೫ರಲ್ಲಿ ಸಿದ್ಧವಾಯಿತು. ಆ ವರ್ಷ ಭಾಭಾ ಕೇಂದ್ರದವರು ರೂಪಿಸಿದ ಭಾಭಾಟ್ರಾನ್ ಎಂಬ ಕೋಬಾಲ್ಟ್ ಯಂತ್ರವನ್ನು ನವಿಮುಂಬಯಿಯ ಟಾಟಾ ಕೇಂದ್ರದಲ್ಲಿ ಸ್ಥಾಪಿಸಿದರು. ಅದನ್ನು ತಯಾರಿಸುವ ಪ್ಯಾನೇಸಿಯ ಎಂಬ ಕಾರ್ಖಾನೆ ನಮ್ಮ ಬೆಂಗಳೂರಿನದು. ಸ್ವದೇಶಿಯ ಅಭಿಮಾನಿಗಳಾದ ನಮಗೆ ಇದು ಹೆಮ್ಮೆ. ಆದರೆ ಯಂತ್ರ ಸ್ವದೇಶಿಯಾದರೂ ವಿದೇಶಿಯಾದರೂ ತಾನು ಕೊಟ್ಟುದು ಸರಿಯೆಂದು ತಾನೇ ಸಾಕ್ಷಿ ಹೇಳಲಾರದು.

ಕಾನೂನಿಗೂ ಕೊರತೆಯಿಲ್ಲ. ೧೯೮೩ರಲ್ಲಿ ಅಣುಶಕ್ತಿ ನಿಯಂತ್ರಣ ಮಂಡಲಿ ಏರ್ಪಟ್ಟಿತು. ೨೦೦೪ರ ವಿಕಿರಣ ರಕ್ಷಣಾ ನಿಯಮಗಳಂತೆ ಇಂಥ ಪ್ರತಿಯೊಂದು ಸಂಸ್ಥೆಯಲ್ಲಿಯೂ ವಿಕಿರಣ ಸುರಕ್ಷಾಧಿಕಾರಿಯೊಬ್ಬರು ಇರಲೇಬೇಕು. ಆ ಅಧಿಕಾರವೂ ಬಹುಮಟ್ಟಿಗೆ ಭೌತವಿಜ್ಞಾನಿಯ ಹೆಗಲಿಗೇ ಬೀಳುವುದು. ಭಾಭಾ ಕೇಂದ್ರದವರು ಅಂಚೆಯ ಮೂಲಕ ಪರೀಕ್ಷೆ ನಡೆಸುವ ಏರ್ಪಾಡೂ ಉಂಟು. ಬಿದ್ದ ಕಿರಣವನ್ನು ನೆನಪಿನಲ್ಲಿಟ್ಟುಕೊಳ್ಳುವ ಪುಡಿಯನ್ನು ಸಣ್ಣ ಕೋಶಗಳಲ್ಲಿ ತುಂಬಿ ಆಸ್ಪತ್ರೆಗೆ ಕಳುಹಿಸುವರು. ಆಸ್ಪತ್ರೆಯವರು “ಇಷ್ಟು ಕೊಟ್ಟೆವು” ಎಂದು ಬರೆದು ಹಿಂದಿರುಗಿಸಿದರೆ, ಪುಡಿಯನ್ನು ಓದಿ “ಇಷ್ಟು ಬಿದ್ದಿದೆ” ಎಂದು ತಿಳಿಸುವರು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳು ೧೯೬೯ರಿಂದ ನಾನಾ ದೇಶಗಳಲ್ಲಿ ನಡೆಸುತ್ತಿರುವ ಕ್ರಮವೂ ಇದೇ. ಅಂಚೆಯಣ್ಣನ ಚೀಲದಲ್ಲಿ ಬರುವ ಇಂಥ ಇನ್ಸ್‌ಪೆಕ್ಟರು ಬೇರೆ ಯಾವ ಇಲಾಖೆಗೂ ಇದ್ದಂತೆ ಕಾಣೆವು.

ಆದರೂ ಕಾನೂನು ಹೇಳುವುದು ಕನಿಷ್ಠವನ್ನು. ಅದರ ಮೇಲಿನದೆಲ್ಲವೂ ಆಯಾ ಆಸ್ಪತ್ರೆಯ ವಾಡಿಕೆ. ಪಾಶ್ಚಾತ್ಯ ದೇಶಗಳ ದೊಡ್ಡ ಆಸ್ಪತ್ರೆಗಳಲ್ಲಿ ಯಾವ ಕೋನದಿಂದ ಎಷ್ಟು ಕಿರಣ ಬೀಳಬೇಕೆಂಬ ಯೋಜನೆಯನ್ನು ಬರೆಯುವುದಕ್ಕೆ ಬೇರೆ ನೌಕರವರ್ಗವೇ ಇದ್ದು, ಭೌತವಿಜ್ಞಾನಿ ಅದನ್ನು ಪರೀಕ್ಷಿಸುವನು. ನಮ್ಮಲ್ಲಿ ಬಹುಪಾಲು ಕಡೆ ಯೋಜನೆ ಬರೆಯುವವನೂ ಅವನೇ, ಯಂತ್ರ ಅಳೆಯುವವನೂ ಅವನೇ, ಸುರಕ್ಷೆಯ ಕಾಗದಪತ್ರ ನಡೆಸುವವನೂ ಅವನೇ. ಇಬ್ಬರು ಮೂವರು ಇರುವ ಕಡೆ ಒಬ್ಬನ ಲೆಕ್ಕವನ್ನು ಮತ್ತೊಬ್ಬನು ನೋಡುವನು. ಒಬ್ಬನೇ ಇರುವ ಕಡೆ ತನ್ನ ಬರಹವನ್ನು ತಾನೇ ತಿದ್ದಬೇಕು. ಪತ್ರಿಕೆಯ ಕರಡಚ್ಚನ್ನು ತಿದ್ದಿ ತಲೆ ನರೆತ ನಾವು ಹೇಳಬಲ್ಲೆವು, ಬರೆದವನ ಕಣ್ಣಿಗೆ ಅವನ ತಪ್ಪು ಬೀಳುವುದಿಲ್ಲ.

ಈಗಿನ ಯಂತ್ರಗಳು ಕಿರಣದ ಆಕಾರವನ್ನೂ ಬಲವನ್ನೂ ಕ್ಷಣಕ್ಷಣಕ್ಕೆ ಬದಲಾಯಿಸುತ್ತ, ಜೊಲ್ಲಿನ ಗ್ರಂಥಿಯನ್ನು ಉಳಿಸಿ ನಾಲಗೆಯ ಗಂಟನ್ನು ಮಾತ್ರ ಹಿಡಿಯಬಲ್ಲವು. ಇಂಥ ಯೋಜನೆಯನ್ನು ಕೈಲೆಕ್ಕದಿಂದ ಪರೀಕ್ಷಿಸುವುದು ಕಷ್ಟ. ಆದುದರಿಂದ ರೋಗಿಯನ್ನು ಮಲಗಿಸುವ ಮೊದಲು ಅದೇ ಯೋಜನೆಯನ್ನು ಅಳತೆಯ ಸಾಧನದ ಮೇಲೆ ನಡೆಸಿ, ಲೆಕ್ಕಕ್ಕೂ ಅಳತೆಗೂ ತಾಳೆ ನೋಡುವುದು ಉತ್ತಮ ಕ್ರಮ. ಕೆಲವು ಆಸ್ಪತ್ರೆಗಳಲ್ಲಿ ಪ್ರತಿ ರೋಗಿಗೂ ಹೀಗೆ ಮಾಡುವರು, ಕೆಲವೆಡೆ ಆಯ್ದವರಿಗೆ, ಕೆಲವೆಡೆ ಎರಡನೆಯ ಗಣಕಯಂತ್ರದ ಲೆಕ್ಕಕ್ಕೆ ತೃಪ್ತರಾಗುವರು. ಯಂತ್ರ ಹಗಲೆಲ್ಲ ರೋಗಿಗಳಿಂದ ತುಂಬಿರುವುದರಿಂದ ಈ ಅಳತೆಗೆ ದೊರೆಯುವುದು ರಾತ್ರಿಯ ಹೊತ್ತು. ವೇಟಿಂಗ್ ರೂಮಿನ ದೀಪಗಳು ಆರಿದ ಮೇಲೆ ಭೌತವಿಜ್ಞಾನಿ ತನ್ನ ಪೆಟ್ಟಿಗೆಯನ್ನು ಬಿಚ್ಚುವನು. ಇದಕ್ಕೆ ಕಾಲವುಂಟೇ ಇಲ್ಲವೇ ಎಂಬುದು ಅವನ ಸಾಮರ್ಥ್ಯದ ಪ್ರಶ್ನೆಯಲ್ಲ, ಆ ಆಸ್ಪತ್ರೆಯಲ್ಲಿ ಅವನಂಥವರು ಎಷ್ಟು ಮಂದಿಯಿದ್ದಾರೆಂಬ ಪ್ರಶ್ನೆ.

ನಮ್ಮ ಕಡೆಯ ರೋಗಿಗಳಿಂದಲೂ ಅವನಿಗೆ ಒಂದು ಕಷ್ಟವುಂಟು. ಏಳು ವಾರಗಳ ಚಿಕಿತ್ಸೆಯ ನಡುವೆ ಅಡಕೆಯ ಕೊಯ್ಲು ಬರುವುದು, ಚಂದ್ರಗುತ್ತಿಯ ಜಾತ್ರೆ ಬರುವುದು, ಮನೆಯಲ್ಲಿ ಮದುವೆ ಬರುವುದು. ನಾಲ್ಕು ದಿನಗಳಲ್ಲಿ ಬರುವೆನೆಂದು ಊರಿಗೆ ಬಂದವರು ಹತ್ತು ದಿನ ನಿಲ್ಲುವರು. ಗಂಟು ಆ ದಿನಗಳಲ್ಲಿ ಸುಮ್ಮನಿರುವುದಿಲ್ಲ, ಬೆಳೆಯುವುದು. ಬಾಯಿ ಗಂಟಲುಗಳ ಅರ್ಬುದದಲ್ಲಿ ಒಂದು ದಿನದ ವಿಳಂಬಕ್ಕೆ ಗುಣವಾಗುವ ಸಂಭವ ಸುಮಾರು ಶೇಕಡ ಒಂದರಷ್ಟು ಕುಂದುವುದೆಂದು ತಜ್ಞರ ಎಣಿಕೆ. ಬಿಟ್ಟುಹೋದುದನ್ನು ಹೇಗೆ ತುಂಬುವುದೆಂದು ವೈದ್ಯನೂ ಭೌತವಿಜ್ಞಾನಿಯೂ ಮತ್ತೆ ಲೆಕ್ಕಕ್ಕೆ ಕೂರಬೇಕು. ಊಟ ಸೇರದೆ ರೋಗಿ ಇಳಿದುಹೋದರೆ, ಮೊದಲ ವಾರ ಮುಖಕ್ಕೆ ಬಿಗಿಯಾಗಿ ಕೂತಿದ್ದ ಪ್ಲಾಸ್ಟಿಕ್ಕಿನ ಮುಖವಾಡ ನಾಲ್ಕನೆಯ ವಾರ ಸಡಿಲವಾಗುವುದು. ಆಗ ಹೊಸ ಚಿತ್ರ, ಹೊಸ ಮುಖವಾಡ, ಹೊಸ ಯೋಜನೆ. ಜಾತ್ರೆಗೆಂದು ರೋಗಿಯನ್ನು ಊರಿಗೆ ಕರೆಯುವ ಮನೆಯವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಈಗ ಅಧಿಕಾರಿವರ್ಗಕ್ಕೆ ನಮ್ಮ ಮಾತು. ಜಿಲ್ಲೆಗೊಂದು ಅರ್ಬುದ ಆಸ್ಪತ್ರೆ ಬೇಕೆಂಬ ಕೂಗು ನ್ಯಾಯವಾದುದು. ಬಡವನು ಏಳು ವಾರ ಬೆಂಗಳೂರಿನಲ್ಲಿ ಇರುವುದೆಂದರೆ ಮನೆ ಮುಳುಗಿದಂತೆಯೇ ಸರಿ. ಆದರೆ ಕೋಟಿಗಟ್ಟಲೆ ಬೆಲೆಯ ಯಂತ್ರಕ್ಕೆ ಮಂಜೂರಾತಿ ಕೊಡುವ ಕಾಗದದಲ್ಲಿಯೇ ಭೌತವಿಜ್ಞಾನಿಗಳ ಹುದ್ದೆಗಳೂ ಅವರ ಅಳತೆಯ ಸಾಧನಗಳೂ ಮಂಜೂರಾಗದಿದ್ದರೆ, ಯಂತ್ರ ಬಂದು ಪೆಟ್ಟಿಗೆಯಲ್ಲಿಯೇ ಕೂರುವುದು. ಯೋಗ್ಯ ಸಿಬ್ಬಂದಿಯಿಲ್ಲದೆ ಅದನ್ನು ನಡೆಸಲು ನಿಯಂತ್ರಣ ಮಂಡಲಿ ಅಪ್ಪಣೆ ಕೊಡದು. ಇಲ್ಲವೆ ಒಬ್ಬನೇ ಒಬ್ಬನಿಂದ ಹೇಗೋ ನಡೆಯುವುದು. ಅವನು ಜ್ವರ ಬಂದು ಮಲಗಿದ ದಿನ ಲೆಕ್ಕ ನೋಡುವವರಿಲ್ಲ. ಒಂದು ಕಡೆಗೆ ಕನಿಷ್ಠ ಇಬ್ಬರು ಬೇಕು, ಖಾಯಂ ಹುದ್ದೆಯ ಮೇಲೆ ಬೇಕು. ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಮಠದಲ್ಲಿ ದೀನರಾದ ರೋಗಿಗಳಿಗೆ ಔಷಧೋಪಚಾರ ನಡೆಯುತ್ತಿದ್ದ ಸಂಗತಿ ಹನ್ನೆರಡನೆಯ ಶತಮಾನದ ಶಾಸನದಲ್ಲಿದೆ. ಆ ಕಾಲದ ದಾನಿಗಳು ಕಟ್ಟಡವನ್ನು ಕಟ್ಟಿಸಿ ಸುಮ್ಮನಾಗದೆ, ನಿತ್ಯದ ವೆಚ್ಚ ನಡೆಯಲೆಂದು ಭೂಮಿಯನ್ನೂ ಬಿಟ್ಟರು. ಈಗಿನ ಶಿಲಾನ್ಯಾಸಗಳ ಕಲ್ಲುಗಳನ್ನು ಓದಿದರೆ ಮಂತ್ರಿಗಳ ಹೆಸರುಗಳಿರುವುವೇ ಹೊರತು ವಾರ್ಷಿಕ ವೆಚ್ಚದ ಮಾತಿರುವುದಿಲ್ಲ.

ರೋಗಿಯ ಕಡೆಯವರೂ ಕೇಳಬೇಕು. “ಇಲ್ಲಿ ಭೌತವಿಜ್ಞಾನಿಗಳು ಎಷ್ಟು ಮಂದಿ ಇದ್ದಾರೆ ಸ್ವಾಮಿ? ನಮ್ಮವರ ಲೆಕ್ಕವನ್ನು ಎರಡನೆಯವರು ನೋಡಿದ್ದಾರೆಯೇ? ಅಂಚೆಯ ಪರೀಕ್ಷೆಗೆ ಆಸ್ಪತ್ರೆ ಸೇರಿದೆಯೇ?” ಎಂದು ಕೇಳುವುದರಲ್ಲಿ ಅವಿನಯವೇನೂ ಇಲ್ಲ. ಅಂಗಡಿಯಲ್ಲಿ ತಕ್ಕಡಿಯ ಮುಳ್ಳನ್ನು ನೋಡುವ ಜನ ನಾವು. ಯೋಗ್ಯರಾದ ಭೌತವಿಜ್ಞಾನಿಗಳು ಈ ಪ್ರಶ್ನೆಗೆ ಬೇಸರಪಡುವರೆಂದು ನಾವು ನಂಬೆವು. ಕೇಳುವವರೊಬ್ಬರು ಬಂದರಲ್ಲಾ ಎಂದು ಸಂತೋಷಿಸುವರು.

ಚಿಕಿತ್ಸೆ ಮುಗಿದು ಊರಿಗೆ ಹೊರಡುವಾಗ ಆಸ್ಪತ್ರೆಯವರು ಒಂದು ಕಾಗದ ಕೊಡುವರು. ಯಾವ ಭಾಗಕ್ಕೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಷ್ಟು ಗ್ರೇ ಎಂದು ಅದರಲ್ಲಿ ಬರೆದಿರುವುದು. ಬರೆದಿರದಿದ್ದರೆ ಕೇಳಿ ಬರೆಯಿಸಿಕೊಳ್ಳತಕ್ಕದ್ದು. ಮುಂದೆಂದಾದರೂ ರೋಗ ಮರಳಿ ಬೇರೆ ಆಸ್ಪತ್ರೆಗೆ ಹೋಗಬೇಕಾದರೆ, ಮತ್ತೆ ಕಿರಣ ಕೊಡಬಹುದೇ, ಬೆನ್ನುಹುರಿ ಇನ್ನೆಷ್ಟು ತಡೆದೀತು ಎಂದು ಅಲ್ಲಿನ ಭೌತವಿಜ್ಞಾನಿ ಎಣಿಸಬೇಕಾದುದು ಆ ಅಂಕಿಯಿಂದಲೇ. ಮಲೆನಾಡಿನ ಮಳೆಯಲ್ಲಿ ತೊಲೆಯ ಸಂದಿಗೆ ಸಿಕ್ಕಿಸಿದ ಕಾಗದ ಎರಡು ವರ್ಷ ಉಳಿಯುವುದಿಲ್ಲ. ಜಮೀನಿನ ಪಹಣಿಯನ್ನು ಇಡುವ ಪೆಟ್ಟಿಗೆಯಲ್ಲಿಯೇ ಅದನ್ನೂ ಇಡುವುದು, ಅದರ ಪ್ರತಿಯೊಂದನ್ನು ಸಮೀಪದ ಆಸ್ಪತ್ರೆಯ ಡಾಕ್ಟರ ಬಳಿ ಕೊಟ್ಟಿರುವುದು ಒಳ್ಳೆಯದು.